ಬ್ಲೇಡು ಮೊಂಡಾಗಿಲ್ಲ, ಅಂಟು ಹಿಡಿದಿದೆ!

ಗರಗಸ ಮಷೀನಿನ ದುಂಡು ಬ್ಲೇಡಿನಲ್ಲಿ ಸಾಗವಾನಿ ಹಲಗೆ ಕೊಯ್ದರೆ ಅಂಚು ಕಪ್ಪಾಗುತ್ತಿದೆ, ಸುಟ್ಟ ವಾಸನೆ ಬರುತ್ತಿದೆ, ಮೊದಲು ಸರಾಗ ಹೋಗುತ್ತಿದ್ದ ಹಲಗೆಯನ್ನು ಈಗ ಒತ್ತಿ ತಳ್ಳಬೇಕು. ಇಷ್ಟಾದರೆ ಸಾಕು, ನಮ್ಮ ಹುಬ್ಬಳ್ಳಿ ಕಡೆ ಎಷ್ಟೋ ಜನ ಬ್ಲೇಡು ಬಿಚ್ಚಿ ಸಾಣೆಗೆ ಕಳಿಸಿಬಿಡುತ್ತಾರೆ. ಸ್ವಲ್ಪ ತಡೆಯಿರಿ. ಹಲ್ಲಿನ ಪಕ್ಕ ನೋಡಿ. ಅಲ್ಲಿ ಕಂದು ಪದರ ಕೂತಿದ್ದರೆ ಅದು ಮರದ ಅಂಟು, ಪ್ಲೈವುಡ್ಡಿನ ಗೋಂದು, ಬಿಸಿಗೆ ಬೆಂದು ಗಟ್ಟಿಯಾದದ್ದು. ಇದು ಮರಕ್ಕೆ ಉಜ್ಜಿ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನಷ್ಟು ಅಂಟು ಹಿಡಿಯುತ್ತದೆ. ಸಾಣೆ ಹಿಡಿದಾಗೆಲ್ಲ ಹಲ್ಲಿಗೆ ಬೆಸೆದಿರುವ ಕಾರ್ಬೈಡ್ ಎಂಬ ಗಟ್ಟಿ ವಸ್ತುವಿನ ತುದಿ ಸವೆಯುತ್ತದೆ. ತೊಳೆದರೆ ಏನೂ ಸವೆಯುವುದಿಲ್ಲ, ಅಲ್ವಾ?

ಮೊದಲು ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಬ್ಲೇಡನ್ನು ಬಿಗಿದಿರುವ ನಟ್ಟು ಸಾಮಾನ್ಯವಾಗಿ ಬ್ಲೇಡು ತಿರುಗುವ ದಿಕ್ಕಿಗೇ ತಿರುಗಿಸಿದರೆ ಸಡಿಲಾಗುತ್ತದೆ. ಇದು ಗೊತ್ತಿಲ್ಲದೆ ಉಲ್ಟಾ ತಿರುಗಿಸಿ ಇನ್ನೂ ಬಿಗಿ ಮಾಡುವವರೇ ಜಾಸ್ತಿ. ಕೈಗೆ ದಪ್ಪ ಗ್ಲೌಸ್ ಇರಲಿ.

ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿನೀರು ಹಾಕಿ, ಕುದಿಯುವುದು ಬೇಡ. ಲೀಟರಿಗೆ ಎರಡು ಚಮಚ ವಾಷಿಂಗ್ ಸೋಡಾ ಕರಗಿಸಿ, ಬ್ಲೇಡು ಹದಿನೈದು ನಿಮಿಷ ಮುಳುಗಿಸಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಆಮೇಲೆ ಹಳೆ ಟೂತ್‌ಬ್ರಷ್ ಹಿಡಿದು ಒಂದೊಂದೇ ಹಲ್ಲಿನ ಎರಡೂ ಪಕ್ಕ, ಹಲ್ಲಿನ ಮುಂದಿನ ಗುಳಿ ಎಲ್ಲ ತಿಕ್ಕಿ. ಕಂದು ನೀರು ಇಳಿದು ಹೋಗುವುದು ಕಣ್ಣಿಗೇ ಕಾಣುತ್ತದೆ. ಬಿಡದಿದ್ದರೆ ಮತ್ತೆ ನೆನೆಸಿ, ಇಲ್ಲವೇ ಹಿತ್ತಾಳೆ ಬ್ರಷ್ ತಗೊಳ್ಳಿ. ಉಳಿಯಿಂದ ಕೆರೆಯಬೇಡಿ. ಕಾರ್ಬೈಡ್ ಗಟ್ಟಿ, ಆದರೆ ಪಟ್ಟಂತ ಚಕ್ಕೆ ಎದ್ದುಹೋಗುತ್ತದೆ. ಕೆಲವರು ಬೆಂಕಿ ತೋರಿಸಿ ಅಂಟು ಸುಡುತ್ತಾರೆ, ಅದಂತೂ ಬೇಡವೇ ಬೇಡ: ತುದಿಯನ್ನು ಹಿಡಿದಿಟ್ಟ ಬೆಸುಗೆ ಸಡಿಲಾಗಬಹುದು, ತಟ್ಟೆಯೂ ಸೊಟ್ಟಗಾಗುತ್ತದೆ. ಕಾಸ್ಟಿಕ್ ಸೋಡಾ ಕೂಡ ಬೇಡ, ಕೈ ಸುಡುತ್ತದೆ.

ಒಳ್ಳೆ ನೀರಲ್ಲಿ ತೊಳೆದು ತಕ್ಷಣ ಒರೆಸಿ. ಧಾರವಾಡದ ಮಳೆಗಾಲದಲ್ಲಿ ನೀರು ಉಳಿದರೆ ಬೆಳಗಾಗುವಷ್ಟರಲ್ಲಿ ತುಕ್ಕು ಕಾಣುತ್ತದೆ. ಕೂಡಲೇ ಬಳಸದಿದ್ದರೆ ಮಷೀನ್ ಎಣ್ಣೆ ತೆಳ್ಳಗೆ ಸವರಿ, ಮತ್ತೆ ಹಾಕುವ ಮುಂಚೆ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಎಣ್ಣೆ ಹತ್ತಿದ ಮರಕ್ಕೆ ಪಾಲಿಶ್ ಹಿಡಿಯುವುದಿಲ್ಲ. ಬ್ಲೇಡುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಮೊಳೆಗೆ ತೂಗುಹಾಕಿ, ನಡುವೆ ರಟ್ಟು ಇಡಿ.

ಈಗ ನಿಜವಾದ ಪರೀಕ್ಷೆ. ಹಲ್ಲಿನ ತುದಿಯನ್ನು ಉಗುರಿನ ಮೇಲೆ ಮೆಲ್ಲಗೆ ಆನಿಸಿ ಎಳೆಯಿರಿ. ಕಚ್ಚಿದರೆ ಹರಿತವಿದೆ, ಜಾರಿದರೆ ಮಾತ್ರ ಸಾಣೆಗೆ ಕಳಿಸಿ. ಕಾರ್ಬೈಡಿಗೆ ವಜ್ರದ ಚಕ್ರವೇ ಬೇಕು, ಮೂರು ಮೂಲೆಯ ಅರ ಹಳೆ ಉಕ್ಕಿನ ಬ್ಲೇಡಿಗಷ್ಟೇ. ತುದಿ ಉದುರಿದ್ದರೆ ಅಥವಾ ಗುಳಿಯಲ್ಲಿ ಸೀಳು ಕಂಡರೆ ಆ ಬ್ಲೇಡು ಮತ್ತೆ ಮಷೀನಿಗೆ ಹೋಗಬಾರದು, ಎಷ್ಟೇ ದುಬಾರಿ ಇರಲಿ.

ಹಾಕುವಾಗ ಬ್ಲೇಡು ಕೂರುವ ಬಿಲ್ಲೆ ಒರೆಸಿ. ಒಂದು ಕಾಳು ಹೊಟ್ಟು ಸಿಕ್ಕರೂ ಬ್ಲೇಡು ಓಲಾಡುತ್ತದೆ. ಕೆಡವಿದ ಹಳೆ ವಾಡೆಗಳ ತೊಲೆ, ಬಾಗಿಲು ಕೊಯ್ಯುವವರು ಮಾತ್ರ ಮೊದಲೇ ಒಂದು ಅಯಸ್ಕಾಂತ ಆಡಿಸಿ ನೋಡಿ. ಒಳಗೆ ಮುರಿದುಳಿದ ಮೊಳೆಯೊಂದು ಸಿಕ್ಕರೆ, ಈಗಷ್ಟೇ ತೊಳೆದ ಬ್ಲೇಡಿನ ನಾಲ್ಕು ಹಲ್ಲು ಒಂದೇ ಏಟಿಗೆ ಹೋಗುತ್ತವೆ.