ವಿಮಾನದ ಟ್ಯಾಂಕ್ ತುಂಬುವ ಮೊದಲೇ ಶಟ್‌ಆಫ್ ವಾಲ್ವ್ ಪರೀಕ್ಷಿಸುವುದು ಹೇಗೆ?

ರೆಕ್ಕೆಯ ಅಡಾಪ್ಟರ್‌ಗೆ ಹೋಸ್ ಜೋಡಿಸಿ ಸುಮಾರು 50 ಪಿಎಸ್‌ಐ ಒತ್ತಡದಲ್ಲಿ ಇಂಧನ ತುಂಬುವಾಗ, ಟ್ಯಾಂಕಿನೊಳಗಿನ ಮಟ್ಟ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಭರ್ತಿಯಾದ ಕೂಡಲೇ ಹರಿವು ನಿಲ್ಲಿಸಬೇಕಾದದ್ದು ಶಟ್‌ಆಫ್ ವಾಲ್ವ್. ಅದು ಕೆಟ್ಟಿದೆ ಎಂಬುದು ಟ್ಯಾಂಕ್ ತುಂಬಿದ ಮೇಲೆ ಗೊತ್ತಾಗುವಷ್ಟರಲ್ಲಿ ಇಂಧನ ವೆಂಟ್‌ನಿಂದ (ಟ್ಯಾಂಕಿನ ಗಾಳಿಕಿಂಡಿ) ನೆಲಕ್ಕೆ ಸುರಿಯುತ್ತಿರುತ್ತದೆ. ಅದಕ್ಕಾಗಿಯೇ ವಿಮಾನದ ಇಂಧನ ಪ್ಯಾನೆಲ್‌ನಲ್ಲಿ, ಟ್ಯಾಂಕ್ ತುಂಬಿತೆಂದು ವಾಲ್ವನ್ನು ನಂಬಿಸುವ ಟೆಸ್ಟ್ ಸ್ವಿಚ್ ಕೊಟ್ಟಿರುವುದು. ಅದನ್ನು ಪ್ರತಿ ಸಲವೂ ಬಳಸಿ.

ಮೊದಲು ಬಾಂಡಿಂಗ್ ಕೇಬಲ್ (ಸ್ಥಿರ ವಿದ್ಯುತ್ತಿನ ಕಿಡಿ ಹಾರದಂತೆ ವಾಹನವನ್ನೂ ವಿಮಾನವನ್ನೂ ಜೋಡಿಸುವ ತಂತಿ), ಆಮೇಲೆ ಹೋಸ್. ತೆಗೆಯುವಾಗ ಹೋಸ್ ಮೊದಲು. ಅಡಾಪ್ಟರ್‌ನ ಮೂರು ಲಗ್‌ಗಳು (ಹೋಸ್ ಸಿಕ್ಕಿಸುವ ಹಲ್ಲುಗಳು) ಸವೆದಿವೆಯೇ, ಮುಖದಲ್ಲಿ ಕಸ ಕುಳಿತಿದೆಯೇ ನೋಡಿ. ಅಲ್ಲಿನ ಒಂದು ಚೂರು ನೇರವಾಗಿ ವಾಲ್ವ್‌ನ ಸೀಟಿಗೆ (ವಾಲ್ವ್ ಮುಚ್ಚಿದಾಗ ಕೂರುವ ಜಾಗ) ಹೋಗಿ ಕೂರುತ್ತದೆ.

ಡೆಡ್‌ಮನ್ (ಕೈ ಬಿಟ್ಟರೆ ಹರಿವು ನಿಲ್ಲಿಸುವ, ಇಂಧನ ವಾಹನದ ಹಿಡಿಗುಂಡಿ) ಹಿಡಿದು ಹರಿವು ಶುರು ಮಾಡಿ. ಮೀಟರ್ ಓಟ ಸ್ಥಿರವಾದ ಕೂಡಲೇ ಟೆಸ್ಟ್ ಸ್ವಿಚ್ ಒತ್ತಿ. ಈ ಹೊತ್ತಿನಲ್ಲಿ ಡೆಡ್‌ಮನ್ ಬಿಡಲೇಬಾರದು. ಬಿಟ್ಟರೆ ನೀವು ಪರೀಕ್ಷಿಸಿದ್ದು ನಿಮ್ಮ ವಾಹನದ ವಾಲ್ವ್, ವಿಮಾನದ್ದಲ್ಲ. ಕೆಲವೇ ಸೆಕೆಂಡುಗಳಲ್ಲಿ ಹೋಸ್ ಕೈಗೆ ಬಿಗಿಯಾಗಿ ಸಿಗುತ್ತದೆ, ಮೀಟರ್‌ನ ಕೊನೆಯ ಅಂಕಿ ನಿಧಾನವಾಗಿ ತಿರುಗಿ ನಿಂತುಬಿಡುತ್ತದೆ. ಆ ಕೊನೆಯ ಅಂಕಿಯನ್ನೇ ಇನ್ನೂ ಅರ್ಧ ನಿಮಿಷ ದಿಟ್ಟಿಸಿ. ಅದು ತೆವಳುತ್ತಿದ್ದರೆ ಯಾವುದೋ ವಾಲ್ವ್ ಪೂರ್ತಿ ಕೂತಿಲ್ಲ. ಎಲ್ಲ ಟ್ಯಾಂಕ್‌ಗಳನ್ನು ಒಟ್ಟಿಗೆ ತೆರೆದಿದ್ದರೆ ಒಂದೊಂದನ್ನೇ ತೆರೆದು ಮತ್ತೆ ಪರೀಕ್ಷಿಸಿ. ಎಷ್ಟು ಸೋರಿಕೆ ಸಹಿಸಬಹುದೆಂಬ ಮಿತಿ ಆ ವಿಮಾನದ ನಿರ್ವಹಣಾ ಕೈಪಿಡಿಯಲ್ಲಿದೆ.

ಸ್ವಿಚ್ ಒತ್ತಿದ ಕ್ಷಣವೇ ವಾಲ್ವ್ ಮುಚ್ಚಲಿಲ್ಲವೆಂದು ಗಾಬರಿಯಾಗಬೇಡಿ. ನಿಧಾನವಾಗಿ ಮುಚ್ಚುವಂತೆಯೇ ಅದನ್ನು ಮಾಡಿರುತ್ತಾರೆ. ನಿಮಿಷಕ್ಕೆ 1,000 ಲೀಟರ್ ಹರಿವಿದ್ದರೆ 63.5 ಮಿ.ಮೀ. ಕೊಳವೆಯಲ್ಲಿ ಇಂಧನದ ವೇಗ ಸೆಕೆಂಡಿಗೆ 5 ಮೀಟರ್ ದಾಟುತ್ತದೆ. ಗಟ್ಟಿ ಕೊಳವೆಯಲ್ಲಿ ಅದನ್ನು ಒಮ್ಮೆಲೇ ತಡೆದರೆ ಲೆಕ್ಕದ ಪ್ರಕಾರ ಒತ್ತಡ 40 ಬಾರ್‌ಗೂ ಮೇಲೆ ಜಿಗಿಯುತ್ತದೆ. ಲೈನಿನ ಒತ್ತಡವೋ ಬರೀ 3.5 ಬಾರ್. 4 ಸೆಕೆಂಡಿನಲ್ಲಿ ಒಂದೇ ಸಮನೆ ಮುಚ್ಚಿದರೆ ಸುಮಾರು 33 ಲೀಟರ್ ಹೆಚ್ಚಾಗಿ ಒಳಹೋಗುತ್ತದೆ. ನೀವೇ ಕೈಯಾರೆ ನಿಲ್ಲಿಸುವಾಗ ಈ ಲೆಕ್ಕ ನೆನಪಿರಲಿ.

ದೋಷ ಹುಡುಕಲು ಒಳಗಿನ ಕೆಲಸ ಗೊತ್ತಿರಬೇಕು. ಫ್ಲೋಟ್ (ಇಂಧನದ ಮೇಲೆ ತೇಲುವ ಗುಂಡು) ಇರುವ ಮಾದರಿಯಲ್ಲಿ ವಾಲ್ವ್‌ನೊಳಗಿನ ಪಿಸ್ಟನ್‌ನ ಸಣ್ಣ ರಂಧ್ರದ ಮೂಲಕ ಇಂಧನ ಹಿಂದಿನ ಕೋಣೆಗೆ ನುಗ್ಗುತ್ತದೆ, ಅಲ್ಲಿಂದ ಪೈಲಟ್ ಲೈನ್ (ವಾಲ್ವನ್ನು ನಿಯಂತ್ರಿಸುವ ಸಣ್ಣ ಕೊಳವೆ) ಮೂಲಕ ಟ್ಯಾಂಕಿಗೆ ಹೊರಟುಹೋಗುತ್ತದೆ. ಹಿಂದಿನ ಒತ್ತಡ ಕಡಿಮೆ ಇರುವತನಕ ವಾಲ್ವ್ ತೆರೆದಿರುತ್ತದೆ. ಮಟ್ಟ ಏರಿ ಫ್ಲೋಟ್ ಪೈಲಟ್ ದಾರಿ ಮುಚ್ಚಿದರೆ ಎರಡೂ ಬದಿಯ ಒತ್ತಡ ಸಮನಾಗಿ, ಸ್ಪ್ರಿಂಗ್ ಪಿಸ್ಟನ್ನನ್ನು ಸೀಟಿಗೆ ಒತ್ತುತ್ತದೆ. ಇದರಿಂದ ಎರಡು ಸುಳಿವು ಸಿಗುತ್ತವೆ. ವಾಲ್ವ್ ಮುಚ್ಚುತ್ತಿಲ್ಲ ಎಂದರೆ ಪಿಸ್ಟನ್ ರಂಧ್ರ ಕಟ್ಟಿರಬಹುದು, ಫ್ಲೋಟ್ ಕೆಳಗೇ ಸಿಕ್ಕಿಕೊಂಡಿರಬಹುದು, ಇಲ್ಲವೇ ಪೈಲಟ್ ಲೈನ್ ಒಡೆದು ಸೋರುತ್ತಿರಬಹುದು. ತೆರೆಯುತ್ತಲೇ ಇಲ್ಲವಾದರೆ ಪೈಲಟ್ ಲೈನ್ ಕಟ್ಟಿದೆ ಅಥವಾ ಫ್ಲೋಟ್ ಮೇಲೆ ಸಿಕ್ಕಿಕೊಂಡಿದೆ. ಟ್ಯಾಂಕಿನ ತಳದ ನೀರಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳ ಲೋಳೆ ಮತ್ತು ಚಳಿಯಲ್ಲಿನ ಮಂಜುಗಡ್ಡೆ ಆ ಸಣ್ಣ ರಂಧ್ರಗಳಿಗೆ ದೊಡ್ಡ ಶತ್ರುಗಳು, ಹಾಗಾಗಿ ನೀರು ಹೊರತೆಗೆಯುವುದನ್ನು ಮುಂದೂಡಬೇಡಿ. ಸೊಲೆನಾಯ್ಡ್ (ವಿದ್ಯುತ್ ಸುರುಳಿಯಿಂದ ನಡೆಯುವ) ಮಾದರಿಯಾದರೆ ಮೊದಲು ಪ್ಯಾನೆಲ್‌ಗೆ ವಿದ್ಯುತ್ ಇದೆಯೇ, ಕನೆಕ್ಟರ್ ಸಡಿಲವಾಗಿದೆಯೇ ನೋಡಿ.

ಟೆಸ್ಟ್‌ನಲ್ಲಿ ಹರಿವು ನಿಲ್ಲದ ಟ್ಯಾಂಕಿಗೆ ಇಂಧನ ಹಾಕುವುದನ್ನು ಅಲ್ಲೇ ಬಿಟ್ಟು ದೋಷ ದಾಖಲಿಸಿ. ಕೆಲವು ವಿಮಾನಗಳಲ್ಲಿ, ತಾನಾಗಿ ತೆರೆಯದ ವಾಲ್ವನ್ನು ಕೈಯಿಂದ ತೆರೆಯುವ ಒತ್ತುಗುಂಡಿ ಇರುತ್ತದೆ. ಅದನ್ನು ಒತ್ತಿ ತುಂಬಿದರೆ ತಂತಾನೇ ನಿಲ್ಲುವ ರಕ್ಷಣೆ ಕೈತಪ್ಪುತ್ತದೆ. ಆಗ ಒಬ್ಬರು ಗುಂಡಿಯ ಬಳಿ, ಇನ್ನೊಬ್ಬರು ಗೇಜಿನ ಮುಂದೆ ನಿಲ್ಲಬೇಕು. ಗೇಜಿನ ಮೇಲೂ ಅನುಮಾನವಿದ್ದರೆ ರೆಕ್ಕೆಯಡಿಯ ಮ್ಯಾಗ್ನೆಟಿಕ್ ಸ್ಟಿಕ್ (ಆಯಸ್ಕಾಂತದ ನೆರವಿನಿಂದ ಮಟ್ಟ ತೋರಿಸುವ ಅಳತೆಕೋಲು) ಇಳಿಸಿ ಮಟ್ಟ ಓದಿ, ಬೇಕಾದಷ್ಟಕ್ಕಿಂತ ಸ್ವಲ್ಪ ಕೆಳಗೇ ಹರಿವು ನಿಲ್ಲಿಸಿ.