ಡ್ಯಾಶ್‌ಕ್ಯಾಮ್ ಕ್ಲಿಪ್ ಮಧ್ಯೆ ಮಧ್ಯೆ ಮಾಯ: ನನ್ನ ಅನುಭವ

ಶ್ರೀರಂಗಪಟ್ಟಣ ದಾಟುವಾಗ ಲಾರಿಯೊಂದು ಇಂಡಿಕೇಟರ್ ಹಾಕದೆ ನನ್ನ ಲೇನಿಗೆ ನುಗ್ಗಿತು. ಮಂಡ್ಯಕ್ಕೆ ಬಂದು ಕಾರಿನ ಡ್ಯಾಶ್‌ಕ್ಯಾಮ್ (ರಸ್ತೆಯನ್ನು ರೆಕಾರ್ಡ್ ಮಾಡುತ್ತಾ ಹೋಗುವ ಕ್ಯಾಮೆರಾ) ನೋಡಿದರೆ ಅದರ ಹಿಂದಿನ ಕ್ಲಿಪ್ ಇದೆ, ಮುಂದಿನದೂ ಇದೆ, ಆ ಒಂದು ನಿಮಿಷದ್ದೇ ಇಲ್ಲ. ಕ್ಯಾಮೆರಾ ಕೆಟ್ಟಿದೆ ಅಂತಲೇ ಮನೆಯಲ್ಲಿ ಎಲ್ಲರೂ ಅಂದರು. ನನಗೆ ಅನುಮಾನ ರೆಕಾರ್ಡಿಂಗ್ ಉಳಿಯುವ ಪೆನ್‌ಡ್ರೈವ್ ಮೇಲೆ.

ಮೊದಲು ಲೆಕ್ಕ ಹಾಕಿದೆ. ಮುಂದಿನ ಕ್ಯಾಮೆರಾ ಸೆಕೆಂಡಿಗೆ 20 ಮೆಗಾಬಿಟ್, ಹಿಂದಿನದು 16. ಕೂಡಿಸಿ 8ರಿಂದ ಭಾಗಿಸಿದರೆ (8 ಬಿಟ್ ಸೇರಿ ಒಂದು ಬೈಟ್) 4.5 ಮೆಗಾಬೈಟ್. ಅಷ್ಟೇ ಸಾಕು. ಅಂಗಡಿಯವರು "100 ಎಂಬಿ ಸ್ಪೀಡು ಅಂತ ಬರ್ದವ್ರೆ ನೋಡಿ ಸಾರ್" ಅಂತ ಪ್ಯಾಕೆಟ್ ತೋರಿಸಿದ್ದರು. ಆದರೆ ಅದು ಓದುವ ವೇಗ. ಕ್ಯಾಮೆರಾಗೆ ಬೇಕಾದ್ದು ಬರೆಯುವ ವೇಗ, ಅದೂ ಗಂಟೆಗಟ್ಟಲೆ ಬೀಳದೆ.

ಎಕ್ಸ್‌ಟೆನ್ಷನ್ ಕೇಬಲ್ ತೆಗೆದು ನೇರವಾಗಿ ಚುಚ್ಚಿ ನೋಡಿದೆ, ವ್ಯತ್ಯಾಸ ಇಲ್ಲ. ಆಮೇಲೆ ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಿ ಎಫ್3 ಓಡಿಸಿದೆ. ಲಿನಕ್ಸ್‌ನ ಈ ಪುಟ್ಟ ತಂತ್ರಾಂಶ ಒಂದೊಂದು ಜಿಬಿಯ ಫೈಲ್ ಬರೆಯುತ್ತಾ ಡ್ರೈವ್ ಪೂರ್ತಿ ತುಂಬಿಸುತ್ತೆ. ವಿಂಡೋಸ್‌ನವರಿಗೆ ಎಚ್2ಟೆಸ್ಟ್‌ಡಬ್ಲ್ಯೂ ಇದೆ. ನಕಲಿ ಸಾಮರ್ಥ್ಯದ ಡ್ರೈವೂ ಇದರಲ್ಲೇ ಸಿಕ್ಕಿಬೀಳುತ್ತೆ. ಶುರುವಿನಲ್ಲಿ ವೇಗ 40ರ ಮೇಲಿತ್ತು. ನಾಲ್ಕೈದು ಜಿಬಿ ಆಗುತ್ತಿದ್ದಂತೆ 12, ಆಮೇಲೆ 6, ನಡುನಡುವೆ 3. ಡ್ರೈವಿನ ಲೋಹದ ಮೈ ಮುಟ್ಟಿದರೆ ಸುಡುತ್ತಿತ್ತು.

ಕಾರಣ ಇಷ್ಟು. ಅಗ್ಗದ ಡ್ರೈವುಗಳಲ್ಲಿ ವೇಗವಾಗಿ ಬರೆಸಿಕೊಳ್ಳುವ ಜಾಗ ಸ್ವಲ್ಪವೇ. ಸಂಪು ತುಂಬುವ ತನಕ ನೀರು ಭರ್ರನೆ ಒಳಗೆ ಹೋಗುತ್ತೆ, ತುಂಬಿದ ಮೇಲೆ ಮೋಟಾರ್ ಎತ್ತಿದಷ್ಟೇ. ಸಾಲದ್ದಕ್ಕೆ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರು! ಚಿಪ್ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತೆ. ವೇಗ 4.5ಕ್ಕಿಂತ ಕೆಳಗೆ ಹೋದಾಗೆಲ್ಲ ಕ್ಯಾಮೆರಾ ಫ್ರೇಮ್ ಬಿಡುತ್ತೆ, ಇಲ್ಲವೇ ಇಡೀ ಕ್ಲಿಪ್ಪನ್ನೇ ಬಿಡುತ್ತೆ.

ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತೆ ಅನ್ನುವವರಿದ್ದಾರೆ. ಸ್ವಲ್ಪ ದಿನ ಸರಿಹೋಗಬಹುದು, ಡ್ರೈವಿನ ಗುಣ ಬದಲಾಗಲ್ಲ.

ನಾನು ಹೈ ಎಂಡ್ಯೂರೆನ್ಸ್ ಮೈಕ್ರೋಎಸ್‌ಡಿ ಕಾರ್ಡ್ ತಂದು ಯುಎಸ್‌ಬಿ ರೀಡರ್‌ನಲ್ಲಿ ಹಾಕಿದೆ. ಹಗಲೂ ರಾತ್ರಿ ಅಳಿಸಿ ಬರೆಯುವ ಕೆಲಸಕ್ಕೆಂದೇ ಮಾಡಿದ್ದು. ಮೇಲೆ ವಿ30 ಅಂತ ಇರಬೇಕು, ಅಂದರೆ ಸತತವಾಗಿ ಬರೆಯುವಾಗಲೂ ಕನಿಷ್ಠ 30 ಮೆಗಾಬೈಟ್. ಅದೇ ಎಫ್3 ಪರೀಕ್ಷೆಯಲ್ಲಿ ಕೊನೆಯ ಜಿಬಿವರೆಗೂ ವೇಗ ಅಲುಗಲಿಲ್ಲ. ಈಗ ಮೈಸೂರಿಗೆ ಹೋಗಿಬಂದರೆ ಒಂದು ನಿಮಿಷವೂ ತಪ್ಪದೆ ಇರುತ್ತೆ.

ಇನ್ನೊಂದು ವಿಷಯ. ಹಂಪ್ ಹಾರಿದಾಗೆಲ್ಲ ಕ್ಯಾಮೆರಾದ ಜಿ-ಸೆನ್ಸರ್ (ಕುಲುಕಾಟ ಗುರುತಿಸುವ ಸೆನ್ಸರ್) ಅಪಘಾತ ಅಂದುಕೊಂಡು ಫೈಲ್ ಲಾಕ್ ಮಾಡುತ್ತೆ, ಮಿಕ್ಕ ಹಳೇ ಕ್ಲಿಪ್‌ಗಳಂತೆ ಅವು ತಾನಾಗಿ ಅಳಿಯುವುದಿಲ್ಲ, ಕಾರ್ಡ್ ತುಂಬುತ್ತಾ ಹೋಗುತ್ತೆ. ಸೆನ್ಸರ್ 'ಲೋ'ಗೆ ಇಟ್ಟಿದ್ದೇನೆ. ಬೇಕಾದ್ದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಆಗಾಗ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡುತ್ತೇನೆ.