ಮಟ್ಟ ಬೇರೆ, ಗಟ್ಟಿ ಬೇರೆ: ಫಿಫ್ತ್ ವೀಲ್ ಟ್ರೇಲರನ್ನು ಕ್ಯಾಂಪಿನಲ್ಲಿ ನಿಲ್ಲಿಸುವ ಬಗೆ

ಫಿಫ್ತ್ ವೀಲ್ ಟ್ರೇಲರ್ ಎಂದರೆ ಪಿಕಪ್ ಟ್ರಕ್ಕಿನ ತೊಟ್ಟಿಯಲ್ಲಿರುವ ಕೊಂಡಿಗೆ (ಹಿಚ್ಚಿಗೆ) ಮೂತಿ ಸಿಕ್ಕಿಸಿ ಎಳೆದೊಯ್ಯುವ ಗಾಲಿಮನೆ. ಟ್ರಕ್ ಬಿಚ್ಚಿಕೊಂಡರೆ ಅದು ಎತ್ತು ಬಿಚ್ಚಿದ ಗಾಡಿ. ಮೂಕಿಗೆ ಊರೆ ಕೊಡದಿದ್ದರೆ ಮುಗ್ಗರಿಸುತ್ತದೆ, ಗಾಲಿಗೆ ಕಲ್ಲು ಕೊಡದಿದ್ದರೆ ಉರುಳುತ್ತದೆ. ಅಷ್ಟು ಮಾಡಿದರೆ ಗಾಡಿಗೆ ಸಾಕು. ಇದರೊಳಗೆ ಮಾತ್ರ ಅಡುಗೆ, ಸ್ನಾನ, ನಿದ್ದೆ ಎಲ್ಲ ನಡೆಯಬೇಕು. ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರಿಗೆ ಎಚ್ಚರವಾಗಬಾರದು.

ನಮ್ಮದು 32 ಅಡಿ ಉದ್ದದ, ಎರಡು ಆಕ್ಸಲ್‌ನ ಟ್ರೇಲರ್. ಸಾಮಾನು ತುಂಬಿದಾಗ ತೂಕ 12,000 ಪೌಂಡ್ ಆಸುಪಾಸು. ಮುಂದೆ ಮೋಟಾರಿನ ಲ್ಯಾಂಡಿಂಗ್ ಗೇರ್, ಅಂದರೆ ಮೂತಿಯನ್ನು ಹೊರುವ ಎರಡು ಕಾಲುಗಳು; ಹಿಂದೆ ಅಲುಗಾಟ ತಡೆಯಲು ಆನಿಸುವ ಎರಡು ಸ್ಟೆಬಿಲೈಸರ್ ಜಾಕಿ. ಕೆಳಗಿನ ಅಳತೆಗಳೆಲ್ಲ ಇದರ ಲೆಕ್ಕದವು. ನಿಮ್ಮ ಗಾಡಿಗೆ ಅಂಕಿ ಬದಲಾಗಬಹುದು, ಕೆಲಸದ ಕ್ರಮ ಬದಲಾಗುವುದಿಲ್ಲ.

ಮಟ್ಟ ಮಾಡುವುದು ಒಂದು ಕೆಲಸ, ಗಟ್ಟಿ ಮಾಡುವುದು ಇನ್ನೊಂದು. ಎರಡನ್ನೂ ಒಂದೇ ಜಾಕಿಯಿಂದ ಮಾಡಲು ಹೋದಾಗಲೇ ಫ್ರೇಮ್ ತಿರುಚುವುದು, ಬಾಗಿಲು ಹಿಡಿದುಕೊಳ್ಳುವುದು.

ಮೊದಲು ಎಡ-ಬಲದ ಮಟ್ಟ, ಅದೂ ಟ್ರಕ್ ಬಿಚ್ಚುವ ಮುನ್ನವೇ. ಬಿಚ್ಚಿದ ಮೇಲೆ ಗಾಲಿಯ ಕೆಳಗೆ ಹಲಗೆ ತುರುಕಲಾಗುವುದಿಲ್ಲ. ನಾಲ್ಕು ಅಡಿಯ ರಸಮಟ್ಟವನ್ನು ಗಾಲಿ ನಿಲ್ಲುವ ಜಾಗದಲ್ಲಿ ಅಡ್ಡಲಾಗಿ ನೆಲದ ಮೇಲಿಟ್ಟು, ಗುಳ್ಳೆ ನಡುವೆ ಬರುವ ತನಕ ತಗ್ಗಿನ ತುದಿಯನ್ನು ಎತ್ತಿ, ಕೆಳಗಿನ ಸಂದನ್ನು ಅಳೆಯಿರಿ. ಎಡಗಾಲಿಯಿಂದ ಬಲಗಾಲಿಗೆ ಸುಮಾರು ಆರು ಅಡಿ ಇರುವುದರಿಂದ ಆ ಸಂದಿನ ಒಂದೂವರೆ ಪಟ್ಟು ಎತ್ತರ ಬೇಕು. ಸಂದು ಒಂದು ಇಂಚಾದರೆ ಒಂದೂವರೆ ಇಂಚು. ಇಲ್ಲಿ ಅಮೆರಿಕದ ಮರದಂಗಡಿಯಲ್ಲಿ ಎರಡು-ಹತ್ತು ಎಂದು ಮಾರುವ ಹಲಗೆಯ ನಿಜವಾದ ದಪ್ಪ ಒಂದೂವರೆ ಇಂಚು, ಅಗಲ ಒಂಬತ್ತೂಕಾಲು. ಹಾಗಾಗಿ ಸಂದಿನ ಇಂಚಿಗೊಂದು ಹಲಗೆ ಎಂದು ನೆನಪಿಟ್ಟುಕೊಂಡರಾಯಿತು.

ಒಂದು ಪಕ್ಕದ ಎರಡೂ ಗಾಲಿಗಳು ಹಲಗೆಯ ಮೇಲೆ ಬರಬೇಕು. ಎರಡು ಆಕ್ಸಲ್‌ಗಳ ನಡುವೆ ಹತ್ತಿರ ಹತ್ತಿರ ಮೂರಡಿ ಇರುವುದರಿಂದ ಹಲಗೆ ಐದು ಅಡಿಗೆ ಕಡಿಮೆ ಬೇಡ. ಹತ್ತುವ ತುದಿಯನ್ನು 45 ಡಿಗ್ರಿಗೆ ಓರೆ ಕೊಯ್ಯಿಸಿ. ಟೈರಿನ ಪೂರ್ತಿ ಅಗಲ ಹಲಗೆಯ ಮೇಲಿರಲಿ. ಅಂಚು ಹೊರಗೆ ಚಾಚಿಕೊಂಡು ವಾರಗಟ್ಟಲೆ ನಿಂತರೆ ಒಳಗಿನ ತಂತಿ ಪದರಕ್ಕೆ ಏಟು ಬೀಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಒಂದಕ್ಕೊಂದು ಕೂರುವ ಪ್ಲಾಸ್ಟಿಕ್ ಬ್ಲಾಕುಗಳು ಹಗುರ, ಆದರೆ ಜಲ್ಲಿಯ ಮೇಲೆ ಒಂದೇ ಪದರ ಹಾಕಿದರೆ ಬಿರುಕು ಬಿಡುತ್ತವೆ. ನನ್ನ ಮತ ಹಲಗೆಗೇ.

ಗ್ಯಾಸಿನಿಂದಲೂ ಓಡುವ ಅಬ್ಸಾರ್ಪ್ಶನ್ ಫ್ರಿಜ್ ಇದ್ದವರಿಗೆ ಮಟ್ಟ ಬರೀ ನೆಮ್ಮದಿಯ ಮಾತಲ್ಲ. ಅಡ್ಡಕ್ಕೆ 3 ಡಿಗ್ರಿ, ಉದ್ದಕ್ಕೆ 6 ಡಿಗ್ರಿ ಎಂಬುದು ತಯಾರಕರು ಸಾಮಾನ್ಯವಾಗಿ ಕೊಡುವ ಮಿತಿ. ಆರು ಅಡಿಗೆ 3 ಡಿಗ್ರಿ ಎಂದರೆ ಮೂರೂಮುಕ್ಕಾಲು ಇಂಚು. ಅದನ್ನು ಮೀರಿ ದಿನವಿಡೀ ಓಡಿಸಿದರೆ ಒಳಗಿನ ಅಮೋನಿಯಾ ದ್ರಾವಣ ಸರಿಯಾಗಿ ಕೆಳಗಿಳಿಯದೆ ಕೂಲಿಂಗ್ ಯೂನಿಟ್ ಕೆಡುತ್ತದೆ.

ಇನ್ನು ಗಾಲಿಗೆ ಅಡೆ. ರಬ್ಬರಿನ ಗಟ್ಟಿ ವೀಲ್ ಚಾಕ್‌ಗಳನ್ನು ಎರಡೂ ಪಕ್ಕ, ಗಾಲಿಯ ಹಿಂದೆ ಮುಂದೆ ಒತ್ತಿ ಇಡಬೇಕು. ಇದಾಗದೆ ಹಿಚ್ಚಿನ ಹಿಡಿ ಮುಟ್ಟಬೇಡಿ. ಎರಡು ಟೈರ್‌ಗಳ ನಡುವೆ ಕತ್ತರಿಯಂತೆ ಬಿಚ್ಚಿಕೊಳ್ಳುವ ಎಕ್ಸ್-ಚಾಕ್ ಇದಕ್ಕೆ ಬದಲಿಯಲ್ಲ. ಅದು ಗಾಲಿಗಳು ಒಂದಿಷ್ಟೂ ತಿರುಗದಂತೆ ಹಿಡಿಯುವುದಕ್ಕೆ, ಅಂದರೆ ಹಿಂದು-ಮುಂದಿನ ಜೋಲಿ ಕಡಿಮೆ ಮಾಡುವುದಕ್ಕೆ. ಕೈಯಿಂದ ಬಿಗಿಸಿ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಾಕು. ರಾತ್ರಿಯ ತಣುಪಿಗೆ ಟೈರ್ ಕುಗ್ಗಿ ಅದು ಸಡಿಲವಾಗುವುದರಿಂದ ಮರುದಿನ ಬೆಳಿಗ್ಗೆ ಮತ್ತೊಮ್ಮೆ ಬಿಗಿಸಬೇಕು.

ಲ್ಯಾಂಡಿಂಗ್ ಗೇರಿನ ಮೇಲೆ ಬೀಳುವ ಭಾರವನ್ನು ಅನೇಕರು ಕಡಿಮೆ ಅಂದಾಜು ಮಾಡುತ್ತಾರೆ. ಮೂತಿಯ ಕೆಳಗಿದ್ದು ಹಿಚ್ಚಿಗೆ ಸಿಕ್ಕುವ ಗೂಟವಾದ ಕಿಂಗ್‌ಪಿನ್ನಿನ ಮೇಲೆ ಒಟ್ಟು ತೂಕದ ಐದನೇ ಒಂದು ಪಾಲು, ನಮ್ಮಲ್ಲಿ 2,400 ಪೌಂಡ್. ಪಿನ್ನು ಆಕ್ಸಲ್‌ಗಳಿಂದ 20 ಅಡಿ ದೂರ, ಕಾಲುಗಳು 14 ಅಡಿ ದೂರ. ಸನ್ನೆಗೋಲಿನ ಲೆಕ್ಕದಲ್ಲಿ ಕಾಲುಗಳಿಗೆ ಬರುವುದು ಸುಮಾರು 3,400, ಒಂದೊಂದಕ್ಕೆ 1,700. ಎಂಟಿಂಚು ಚೌಕದ ಪಾದ ಬರಿ ನೆಲದ ಮೇಲಿದ್ದರೆ ಚದರ ಇಂಚಿಗೆ 27 ಪೌಂಡ್ ಒತ್ತಡ. ಕೆಳಗೆ ಒಂದಡಿ ಚೌಕದ ದಪ್ಪ ಹಲಗೆ ಕೊಟ್ಟರೆ 12ಕ್ಕೆ ಇಳಿಯುತ್ತದೆ. ಟೆಕ್ಸಸ್‌ನ ಬ್ಲ್ಯಾಕ್‌ಲ್ಯಾಂಡ್ ಪಟ್ಟಿಯ ಕರಿಮಣ್ಣಿನಲ್ಲಿ ಈ ವ್ಯತ್ಯಾಸ ಒಂದೇ ಮಳೆಗೆ ಗೊತ್ತಾಗುತ್ತದೆ. ಅದು ನಮ್ಮ ಗದಗ-ಧಾರವಾಡದ ಎರೆಮಣ್ಣಿನ ಜಾತಿಯದೇ: ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಬೇಸಿಗೆಯ ಡಾಂಬರಿನಲ್ಲೂ ಪಾದ ಹೂತುಕೊಳ್ಳುತ್ತದೆ, ಚಳಿಗಾಲದಲ್ಲಿ ನೆಲಕ್ಕೆ ಹೆಪ್ಪುಗಟ್ಟಿ ಅಂಟುತ್ತದೆ. ಎರಡಕ್ಕೂ ಹಲಗೆಯೇ ಮದ್ದು.

ಎರಡು ಕಾಲುಗಳನ್ನೂ ಒಂದೇ ಮೋಟಾರ್ ಅಡ್ಡ ಸರಳಿನ ಮೂಲಕ ಇಳಿಸುವ ಗಾಡಿಗಳಲ್ಲಿ ಎರಡೂ ಒಂದೇ ಅಳತೆ ಇಳಿಯುತ್ತವೆ. ನೆಲ ಓರೆಯಿದ್ದರೆ ಒಂದು ಮೊದಲು ತಾಗಿ ಇನ್ನೊಂದು ಗಾಳಿಯಲ್ಲಿರುತ್ತದೆ. ಕಾಲಿನೊಳಗೆ ಜಾರುವ ಒಳಗಾಲನ್ನು ಅದರ ತೂತಿನ ಪಿನ್ ತೆಗೆದು ಕೆಳಗೆ ಬಿಟ್ಟು, ಎರಡೂ ಪಾದಗಳು ಹಲಗೆಯಿಂದ ಒಂದೇ ಎತ್ತರದಲ್ಲಿರುವಂತೆ ಹೊಂದಿಸಿಯೇ ಗುಂಡಿ ಒತ್ತಿ. ತೂತುಗಳ ಅಳತೆ ಕೂಡಿಬರದಿದ್ದರೆ ತಗ್ಗಿನ ಕಡೆ ಇನ್ನೊಂದು ಹಲಗೆ.

ಇಲ್ಲೇ ಅಲುಗಾಟದ ಮೂಲವೂ ಇದೆ. ಕಾಲು ಉದ್ದವಾದಷ್ಟೂ ತೊನೆಯುತ್ತದೆ. ಜಾಕಿಯ ಕೊಳವೆ ಹದಿನೈದು ಇಂಚು ಹೊರಗೆ ಬಂದಿರುವುದಕ್ಕಿಂತ, ಕೆಳಗೆ ಹತ್ತಿಂಚು ಮರದ ದಿಮ್ಮಿ ಕೊಟ್ಟು ಐದೇ ಇಂಚು ಹೊರಗಿರುವುದು ಎಷ್ಟೋ ಗಟ್ಟಿ. ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ, ಒಂದೇ ದಿಕ್ಕಿಗಲ್ಲ.

ಬಿಚ್ಚುವಾಗ ಮೊದಲು ಟ್ರಕ್ಕಿನ ಹಿಂಬಾಗಿಲು ಕೆಳಗಿಳಿಸಿ. ಟ್ರಕ್ಕಿನ ಹಿಂಭಾಗ ಸ್ವಲ್ಪ ಮೇಲೇಳುವ ತನಕ ಕಾಲುಗಳನ್ನು ಇಳಿಸಿ. ಹಿಚ್ಚಿನ ಹಿಡಿ ಬಿಗಿಯಾಗಿದ್ದರೆ ಟ್ರಕ್ಕನ್ನು ಕೂದಲೆಳೆಯಷ್ಟು ಹಿಂದಕ್ಕೆ ಒತ್ತಿದಾಗ, ಪಿನ್ನನ್ನು ಕಚ್ಚಿದ ದವಡೆಯ ಮೇಲಿನ ಒತ್ತಡ ಬಿಡುತ್ತದೆ. ಏಳು ಪಿನ್ನಿನ ವಿದ್ಯುತ್ ಪ್ಲಗ್ಗು ಮತ್ತು ಟ್ರೇಲರ್ ಕಳಚಿಕೊಂಡರೆ ಬ್ರೇಕ್ ಹಾಕಿಸುವ ಬ್ರೇಕ್‌ಅವೇ ತಂತಿ ತೆಗೆದು, ಆರಿಂಚು ಮುಂದೆ ಹೋಗಿ, ನಿಂತು, ಇಳಿದು ನೋಡಿ. ಬಿಚ್ಚಿದ ಎತ್ತರವನ್ನು ಕಾಲಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿಟ್ಟರೆ ಹೊರಡುವ ದಿನ ಹುಡುಕಾಟವಿಲ್ಲ. ಮತ್ತೆ ಸಿಕ್ಕಿಸುವಾಗ ಪಿನ್ನಿನ ತಟ್ಟೆ ಹಿಚ್ಚಿನ ತಟ್ಟೆಗಿಂತ ತುಸು ಕೆಳಗಿರಬೇಕು. ಮೇಲಿದ್ದರೆ ಪಿನ್ನು ದವಡೆಯೊಳಗೆ ಪೂರ್ತಿ ಕೂರದೆ, ಟ್ರಕ್ ಹೊರಟಾಗ ಟ್ರೇಲರಿನ ಮೂತಿ ತೊಟ್ಟಿಯ ಅಂಚಿನ ಮೇಲೆ ಬೀಳುತ್ತದೆ.

ಉದ್ದದ ಮಟ್ಟಕ್ಕೆ ಒಂದು ಉಪಾಯವಿದೆ. ಮೂತಿಯನ್ನು ಮಟ್ಟಕ್ಕಿಂತ ಒಂದಿಂಚು ಕೆಳಗೆ ಇಳಿಸಿ. ಆಗ ಹಿಂಭಾಗ ಕೊಂಚ ಮೇಲಿರುತ್ತದೆ. ಹಿಂದಿನ ಸ್ಟೆಬಿಲೈಸರ್‌ಗಳನ್ನು ಹಲಗೆಗೆ ತಾಗುವಷ್ಟು ಮಾತ್ರ ಇಳಿಸಿ, ಮೂತಿಯನ್ನು ಮಟ್ಟಕ್ಕೆ ಎತ್ತಿ. ಆಕ್ಸಲ್ ಮೇಲೆ ತೂಗಿ ಹಿಂಭಾಗ ತಾನೇ ಜಾಕಿಗಳ ಮೇಲೆ ಕೂರುತ್ತದೆ. ಇಷ್ಟು ಬಿಗಿ ಸಾಕು. ಇಂಪ್ಯಾಕ್ಟ್ ಡ್ರಿಲ್ ಹಾಕಿ ಹಿಂಭಾಗವನ್ನೇ ಎತ್ತುವವರು ಉಂಟು. ಸ್ಟೆಬಿಲೈಸರ್ ಇರುವುದು ಆನಿಸಲು, ಎತ್ತಲು ಅಲ್ಲ. ಗೋಡೆಯಿಂದ ಹೊರಕ್ಕೆ ಜಾರುವ ಸ್ಲೈಡ್‌ಔಟ್ ಕೋಣೆಗಳನ್ನು ಹೊರತೆಗೆಯುವುದು ಮಟ್ಟ ಬಂದ ಮೇಲೆ. ತೆಗೆದ ಮೇಲೆ ಭಾರ ಆ ಕಡೆಗೆ ವಾಲುವುದರಿಂದ ಹಿಂದಿನ ಜಾಕಿಗಳನ್ನು ಇನ್ನೊಮ್ಮೆ ನೋಡಬೇಕು. ಸ್ಲೈಡಿನ ಕೆಳಗೆ ಊರೆ ಕೊಡಬೇಡಿ: ಟ್ರೇಲರ್ ಕಾಲಿಂಚು ಕುಸಿದರೂ ಊರೆ ಕೋಣೆಯನ್ನು ಮೇಲಕ್ಕೆ ತಳ್ಳಿ ಹಳಿ ಸೊಟ್ಟಗಾಗುತ್ತದೆ.

ಇಷ್ಟಾದರೂ ಅಲುಗಾಡುತ್ತಿದ್ದರೆ ಯಾವ ದಿಕ್ಕಿಗೆ ಎಂದು ಮೊದಲು ನೋಡಿ. ಊಟದ ಮೇಜಿನ ಮೇಲೆ ಅರ್ಧ ತುಂಬಿದ ನೀರಿನ ಬಾಟಲಿ ಇಟ್ಟು ಒಬ್ಬರನ್ನು ಉದ್ದಕ್ಕೂ ನಡೆಸಿದರೆ ಕಾಣುತ್ತದೆ. ಹಿಂದು-ಮುಂದು ಜೋಲಿಯಾದರೆ ಎಕ್ಸ್-ಚಾಕ್ ಸಡಿಲ, ಇಲ್ಲವೇ ಲೀಫ್ ಸ್ಪ್ರಿಂಗನ್ನು ಜೋಡಿಸುವ ಕೊಂಡಿಗಳಾದ ಶ್ಯಾಕಲ್‌ಗಳ ನೈಲಾನ್ ಬುಷ್ ಸವೆದಿದೆ. ಕಂಚಿನ ಬುಷ್ ಮತ್ತು ಗ್ರೀಸ್ ಹಾಕಬಲ್ಲ ಬೋಲ್ಟ್ ಕೂರಿಸಿದರೆ ದಾರಿಯಲ್ಲೂ ಒಳ್ಳೆಯದು. ಎಡ-ಬಲ ಓಲಾಟಕ್ಕೆ ಕರ್ಣದ ಆಧಾರಗಳೇ ಬೇಕು: ಜಾಕಿಯ ಪಾದದಿಂದ ಫ್ರೇಮಿಗೆ ಓರೆಯಾಗಿ ಹೋಗುವ, ತಿರುಪಿನಿಂದ ಬಿಗಿಸುವ ಕೊಳವೆಗಳು. ನಾಲ್ಕು ಮೂಲೆಯ ಚೌಕಟ್ಟು ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ದುಡ್ಡು ಒಂದಕ್ಕೇ ಹಾಕುವುದಾದರೆ ಇದಕ್ಕೇ ಹಾಕಿ ಎನ್ನುತ್ತೇನೆ. ಆದರೆ ಜಾಕಿ ಎತ್ತುವ ಮುನ್ನ ಈ ತಿರುಪುಗಳನ್ನು ಸಡಿಲಿಸಲೇಬೇಕು. ಮರೆತರೆ ಕೊಳವೆ ಬಾಗುತ್ತದೆ ಅಥವಾ ಫ್ರೇಮಿಗೆ ಹಾಕಿದ ಹಿಡಿಕೆ ಕಿತ್ತುಬರುತ್ತದೆ. ನಮ್ಮದರಲ್ಲಿ ಜಾಕಿಯ ಗುಂಡಿಗೇ ಒಂದು ಕೆಂಪು ಪಟ್ಟಿ ಕಟ್ಟಿದೆ. ಅದನ್ನು ಬಿಚ್ಚದೆ ಗುಂಡಿ ಸಿಗುವುದಿಲ್ಲ.

ಮೇಲೆ-ಕೆಳಗೆ ಕುಣಿತ ಬಹುತೇಕ ಮೆಟ್ಟಿಲಿನದು. ಫ್ರೇಮಿಗೆ ತೂಗುಬಿದ್ದ ಮೆಟ್ಟಿಲು ತುಳಿದಾಗಲೆಲ್ಲ ಸ್ಪ್ರಿಂಗುಗಳನ್ನು ಎಳೆಯುತ್ತದೆ. ನೆಲದ ಮೇಲೆ ಕಾಲೂರುವ ಮೆಟ್ಟಿಲು ಹಾಕಿಸಿದರೆ ಅರ್ಧ ಕುಣಿತ ಹೋದಂತೆಯೇ. ಕಿಂಗ್‌ಪಿನ್ನಿಗೆ ಕೊಡುವ ಮುಕ್ಕಾಲಿ ಮುಂದಿನ ಮಲಗುವ ಕೋಣೆಗೆ ಅನುಕೂಲ, ಉಳಿದ ಗಾಡಿಗೆ ಅಷ್ಟೇನಿಲ್ಲ. ಅದನ್ನೂ ಆನಿಸಬೇಕೇ ಹೊರತು ಅದರಿಂದ ಎತ್ತಬಾರದು.

ಗುಂಡಿ ಒತ್ತಿದರೆ ತಾನೇ ಮಟ್ಟ ಮಾಡುವ, ಆರು ಕಾಲಿನ ಹೈಡ್ರಾಲಿಕ್ ಆಟೋ-ಲೆವೆಲ್ ಇರುವವರಿಗೆ ಈ ಕೆಲಸದಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ಆದರೆ ಓರೆ ಜಾಗದಲ್ಲಿ ಅದು ಒಂದು ಪಕ್ಕದ ಗಾಲಿಗಳನ್ನು ನೆಲದಿಂದ ಎತ್ತಿಬಿಡಬಹುದು. ಎತ್ತಿದ ಗಾಲಿ ಹಿಡಿತ ಕೊಡುವುದಿಲ್ಲ, ಆಗ ಗಾಡಿ ಜಾರದಂತೆ ತಡೆಯಬೇಕಾದ್ದು ತೆಳ್ಳನೆಯ ಕಾಲುಗಳೇ. ಅಂಥ ಜಾಗದಲ್ಲಿ ಮೊದಲು ಹಲಗೆ, ಆಮೇಲೆ ಗುಂಡಿ. ಬ್ಯಾಟರಿ ಇಳಿದಿದ್ದರೆ ಪಂಪು ನಡುವೆಯೇ ನಿಂತು ದೋಷದ ಸಂದೇಶ ತೋರಿಸುತ್ತದೆ, ಮೊದಲೇ ಕರೆಂಟಿಗೆ ಸಿಕ್ಕಿಸಿ.

ಮರುದಿನ ಬೆಳಿಗ್ಗೆ ರಸಮಟ್ಟ ಹಿಡಿದು ಇನ್ನೊಂದು ಸುತ್ತು. ಮಳೆ ಬಂದ ಮೇಲೂ ಅಷ್ಟೇ. ಎರೆನೆಲದಲ್ಲಾದರೆ ಬಿಸಿಲು ಬಿದ್ದು ನೆಲ ಒಣಗಿದ ಮೇಲೆ ಮತ್ತೊಂದು ಸಲ, ಏಕೆಂದರೆ ಅಲ್ಲಿ ಊದಿಕೊಂಡ ಮಣ್ಣು ಇಳಿಯುವುದೂ ಒಂದೇ ಸಮ ಇರುವುದಿಲ್ಲ.